ಕ್ಯಾಂಪರ್ ವ್ಯಾನಿಗೆ ಗ್ಯಾಸೋ, ಕರೆಂಟೋ?

ಟೆಂಪೋ ಟ್ರಾವೆಲರ್, ವಿಂಗರ್ ಅಥವಾ ಈಕೋ ಕೊಂಡು ಅದನ್ನೇ ಓಡುವ ಮನೆ ಮಾಡಿಕೊಳ್ಳಲು ಹೊರಟವರು ಮಂಚದ ಅಳತೆ, ಪರದೆಯ ಬಣ್ಣ ಎಲ್ಲ ಮುಗಿಸಿ ಕೊನೆಗೆ ಒಲೆಯ ಹತ್ತಿರ ಬಂದು ನಿಲ್ಲುತ್ತಾರೆ. ಗ್ಯಾಸ್ ಇಡುವುದಾ, ಇಂಡಕ್ಷನ್ ಹಾಕಿಸುವುದಾ? ಗ್ಯಾಸ್ ಇಟ್ಟುಕೊಂಡವರು ಬ್ಯಾಟರಿಗೆ ಸುರಿದ ದುಡ್ಡು ದಂಡ ಅನ್ನುತ್ತಾರೆ. ಬ್ಯಾಟರಿ ಹಾಕಿಸಿದವರು ಸಿಲಿಂಡರ್ ಪಕ್ಕ ಮಲಗಲು ಎಂಟೆದೆ ಬೇಕು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಬ್ಬರೂ ಅವರವರ ಓಡಾಟಕ್ಕೆ ಹೊಂದುವ ಮಾತು ಆಡುತ್ತಿರುತ್ತಾರೆ.

ಮೊದಲು ಒಂದು ವಿಷಯ ಬಗೆಹರಿಸಿಕೊಳ್ಳೋಣ. ಲೈಟು, ಫ್ಯಾನು, ಫೋನ್ ಚಾರ್ಜಿಂಗ್, ನೀರಿನ ಪಂಪು, ಫ್ರಿಜ್ ಇವೆಲ್ಲ ಹೇಗಿದ್ದರೂ ಕರೆಂಟಿನಲ್ಲೇ ನಡೆಯಬೇಕು. ಅಂದರೆ ಗ್ಯಾಸ್ ಆರಿಸಿಕೊಂಡರೂ ಬ್ಯಾಟರಿ ತಪ್ಪುವುದಿಲ್ಲ. ಉಳಿಯುವುದು ಎರಡೇ ಕೆಲಸ: ಅಡುಗೆ ಮತ್ತು ಸ್ನಾನದ ಬಿಸಿನೀರು. ಈ ಎರಡಕ್ಕೆ ಮಾತ್ರ ಗ್ಯಾಸೋ ಕರೆಂಟೋ ಅಂತ ಕೇಳಿಕೊಳ್ಳಿ. ಪ್ರಶ್ನೆ ಅರ್ಧ ಹಗುರ ಆಗುತ್ತದೆ.

ಗ್ಯಾಸ್ ಫ್ರಿಜ್ ಅಂತ ವಿದೇಶದ ವಿಡಿಯೋಗಳಲ್ಲಿ ತೋರಿಸುತ್ತಾರಲ್ಲ, ಅದನ್ನು ಮರೆತುಬಿಡಿ. ಗಾಡಿ ಸ್ವಲ್ಪ ವಾಲಿ ನಿಂತರೂ, ಹೊರಗೆ ಬಿಸಿಲು ಏರಿದರೂ ಅದು ಸೋಲುತ್ತದೆ. ನಮ್ಮ ಹವೆಗೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜೇ ಸರಿ.

ಒಂದು ದಿನದ ಲೆಕ್ಕ

ಇಬ್ಬರು ಇದ್ದಾರೆ ಅಂದುಕೊಳ್ಳಿ. ಬೆಳಗ್ಗೆ ಕಾಫಿ, ಉಪ್ಪಿಟ್ಟು. ಮಧ್ಯಾಹ್ನ ಕುಕ್ಕರಿನಲ್ಲಿ ಅನ್ನ, ಮೇಲೊಂದು ಸಾರು. ಸಂಜೆ ಟೀ. ರಾತ್ರಿ ನಾಲ್ಕು ಚಪಾತಿ, ಪಲ್ಯ. ಇಷ್ಟನ್ನೂ ಇಂಡಕ್ಷನ್ನಿನಲ್ಲಿ ಮಾಡಿದರೆ ಸುಮಾರು 1.2 ಯೂನಿಟ್ ಬೇಕು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವುದೂ ಇದೇ ಯೂನಿಟ್ಟು. ಬ್ಯಾಟರಿಯಿಂದ ಇನ್ವರ್ಟರ್ ದಾಟಿ ಬರುವಾಗ ಹತ್ತರಲ್ಲಿ ಒಂದು ಪಾಲು ಸೋರಿಹೋಗುತ್ತದೆ, ಹಾಗಾಗಿ 1.3 ಅಂತ ಹಿಡಿಯಿರಿ. ಹತ್ತು ಲೀಟರ್ ನೀರನ್ನು ಮೈಗೆ ಹಿತವಾಗುವಷ್ಟು ಬಿಸಿ ಮಾಡಲು ಕಾಲು ಯೂನಿಟ್ ಹತ್ತಿರ ಆಗುತ್ತದೆ. ಇಬ್ಬರಿಗೆ ಅರ್ಧ ಯೂನಿಟ್. 40 ಲೀಟರಿನ ಫ್ರಿಜ್ ದಿನಕ್ಕೆ ಸುಮಾರು ಅರ್ಧ ಯೂನಿಟ್ ತಿನ್ನುತ್ತದೆ. ಫ್ಯಾನು, ಲೈಟು, ಎರಡು ಫೋನು, ಒಂದು ಲ್ಯಾಪ್‌ಟಾಪ್ ಸೇರಿ ಇನ್ನೊಂದು 0.4.

ಕೂಡಿಸಿದರೆ 2.7 ಯೂನಿಟ್. 12.8 ವೋಲ್ಟಿನ 200 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಹಿಡಿಯುವುದು 2.56 ಯೂನಿಟ್. ಅಂದರೆ ಪೂರ್ತಿ ಕರೆಂಟಿನ ವ್ಯಾನು ಬಿಸಿಲೂ ಇಲ್ಲದೆ, ಓಡದೆ ಒಂದು ದಿನ ನಿಂತರೆ ಒಂದು ದೊಡ್ಡ ಬ್ಯಾಟರಿ ಖಾಲಿ. ಎರಡು ದಿನ ನಿಲ್ಲುವವರಿಗೆ ಎರಡು ಬೇಕು.

ಅಡುಗೆ ಮತ್ತು ಬಿಸಿನೀರನ್ನು ಗ್ಯಾಸಿಗೆ ದಾಟಿಸಿ. ಕರೆಂಟಿಗೆ ಉಳಿಯುವುದು 0.9 ಯೂನಿಟ್ ಮಾತ್ರ. 100 ಆಂಪ್-ಅವರ್ ಬ್ಯಾಟರಿ, ಟಾಪಿನ ಮೇಲೆ 200 ವ್ಯಾಟಿನ ಪ್ಯಾನೆಲ್ಲು ಇದ್ದರೆ ಒಳ್ಳೆ ಬಿಸಿಲಿನಲ್ಲಿ ನಡೆದುಹೋಗುತ್ತದೆ. ದೊಡ್ಡ ಇನ್ವರ್ಟರೂ ಬೇಡ. ಗ್ಯಾಸಿಗಾಗಿ ವಾದ ಮಾಡುವವರ ಕೈಯಲ್ಲಿರುವ ಅತಿ ಗಟ್ಟಿ ಕಾರಣ ಇದೇ. ಒಲೆ ಒಂದನ್ನು ಬದಲಿಸಿದರೆ ಬ್ಯಾಟರಿಯ ಮೇಲಿನ ಭಾರ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಐದು ಕೆಜಿಯ ಶಕ್ತಿ

ಒಂದು ಕೆಜಿ ಎಲ್‌ಪಿಜಿಯಲ್ಲಿ 12.7 ಯೂನಿಟ್ ಹತ್ತಿರ ಶಾಖ ಇದೆ. ಒಲೆಯಲ್ಲಿ ಉರಿಸಿದಾಗ ಅದರಲ್ಲಿ ಶೇಕಡ 60ರಷ್ಟು ಪಾತ್ರೆಗೆ ತಾಗುತ್ತದೆ, ಉಳಿದದ್ದು ಅಕ್ಕಪಕ್ಕ ಹೋಗುತ್ತದೆ. ಹಾಗಿದ್ದರೂ ಮೇಲಿನ ಅಡುಗೆಗೆ, ಸ್ನಾನಕ್ಕೆ ಸೇರಿ ದಿನಕ್ಕೆ 200 ಗ್ರಾಂ ಗ್ಯಾಸ್ ಸಾಕು. ಐದು ಕೆಜಿಯ ಸಿಲಿಂಡರ್ ಮೂರು ವಾರ ದಾಟುತ್ತದೆ. ಅದೇ ಕೆಲಸವನ್ನು ಬ್ಯಾಟರಿಯಲ್ಲೇ ಹೊತ್ತುಕೊಂಡು ಹೋಗುತ್ತೇನೆ ಅಂದರೆ 200 ಆಂಪ್-ಅವರಿನವು ಇಪ್ಪತ್ತರಷ್ಟು ಬೇಕು. ಒಂದೊಂದೂ 22ರಿಂದ 25 ಕೆಜಿ ತೂಗುತ್ತದೆ. ಹಾಗೆ ಯಾರೂ ಮಾಡುವುದಿಲ್ಲ, ಯಾಕೆಂದರೆ ಬ್ಯಾಟರಿ ದಾರಿಯಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಸಿಲಿಂಡರ್ ತುಂಬಿಕೊಳ್ಳುವುದಿಲ್ಲ. ಆದರೂ ಒಂದೇ ಜಾಗದಲ್ಲಿ ವಾರಗಟ್ಟಲೆ ಕೂರುವವರಿಗೆ ಈ ಲೆಕ್ಕವನ್ನು ತಳ್ಳಿಹಾಕಲು ಆಗದು.

ಸಿಗುವುದೂ ಈಗ ಸುಲಭ. ಇಂಡೇನ್‌ನವರ ‘ಛೋಟು’, ಎಚ್‌ಪಿಯವರ ‘ಅಪ್ಪು’ ಅಂತ ಐದು ಕೆಜಿಯ ಸಿಲಿಂಡರ್ ಪೆಟ್ರೋಲ್ ಬಂಕಿನಲ್ಲಿ, ಕೆಲವು ಕಿರಾಣಿ ಅಂಗಡಿಗಳಲ್ಲಿ ಮಾರುತ್ತಾರೆ. ವಿಳಾಸದ ಪುರಾವೆ ಬೇಡ, ಗುರುತಿನ ಚೀಟಿ ಸಾಕು. ಮನೆಯ ಸಿಲಿಂಡರಿಗೆ ಹೋಲಿಸಿದರೆ ಕೆಜಿಗೆ ರೇಟು ಜಾಸ್ತಿ. ಮನೆಯ 14.2 ಕೆಜಿಯದ್ದನ್ನು ವ್ಯಾನಿಗೆ ಎತ್ತಿಹಾಕಿಕೊಂಡು ಹೋಗುವ ಯೋಚನೆ ಬಿಡಿ. ಅದು ಮನೆಯ ಅಡುಗೆಗೆ ಅಂತ ಕೊಟ್ಟಿದ್ದು, ತುಂಬಿದಾಗ ಮೂವತ್ತು ಕೆಜಿ ತೂಗುತ್ತದೆ, ಘಾಟಿಯ ತಿರುವಿನಲ್ಲಿ ಉರುಳಿದರೆ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ದುಡ್ಡಿದ್ದರೆ 2021ರಲ್ಲಿ ಬಂದ ಕಾಂಪೋಸಿಟ್ ಸಿಲಿಂಡರ್ ನೋಡಿ. ಕಬ್ಬಿಣದ್ದರ ಅರ್ಧದಷ್ಟು ತೂಕ, ತುಕ್ಕು ಹಿಡಿಯುವುದಿಲ್ಲ, ಬೆಳಕಿಗೆ ಹಿಡಿದರೆ ಒಳಗೆ ಎಷ್ಟಿದೆ ಅಂತ ಕಾಣುತ್ತದೆ. ಸಿಲಿಂಡರ್ ಅಲ್ಲಾಡಿಸಿ ಅಂದಾಜು ಮಾಡುವ ಕಷ್ಟ ತಪ್ಪಿತು.

ಬಣ್ಣ ಬಳಿದು, ಕಂಪನಿ ಹೆಸರಿಲ್ಲದೆ, ತಲೆ ಮೇಲೇ ಬರ್ನರ್ ಕೂರಿಸಿ ಮಾರುವ ಪುಟ್ಟ ಸಿಲಿಂಡರುಗಳಿವೆಯಲ್ಲ, ಅವನ್ನು ಮಾತ್ರ ಮುಟ್ಟಬೇಡಿ. ದೊಡ್ಡ ಸಿಲಿಂಡರಿನಿಂದ ಟ್ಯೂಬು ಹಾಕಿ ಕದ್ದುಮುಚ್ಚಿ ತುಂಬುವ ಸಾಮಾನು ಅದು.

ಗ್ಯಾಸ್ ಒಳಗಿದ್ದರೆ ಏನಾಗುತ್ತದೆ

ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಕಿಟಕಿಯಲ್ಲಿ ಹೋಗುವುದಿಲ್ಲ. ನೆಲಕ್ಕಿಳಿದು, ಮಂಚದ ಕೆಳಗೆ, ಬ್ಯಾಟರಿ ಪೆಟ್ಟಿಗೆಯ ಪಕ್ಕ ಕೂತುಕೊಳ್ಳುತ್ತದೆ. ಗಾಳಿಯಲ್ಲಿ ಶೇಕಡ ಎರಡರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಮನೆಯ ಅಡುಗೆಮನೆಯಲ್ಲಿ ಬಾಗಿಲ ಕೆಳಗೆ ಸಂದಿ ಇರುತ್ತದೆ, ಗಾಳಿ ಆಡುತ್ತದೆ. ವ್ಯಾನನ್ನು ನಾವು ಕಷ್ಟಪಟ್ಟು ಸಂದಿಯೇ ಇಲ್ಲದಂತೆ ಮಾಡಿರುತ್ತೇವೆ. ಧೂಳು ಬರಬಾರದು, ಸೊಳ್ಳೆ ಬರಬಾರದು, ಅಲ್ವಾ?

2023ರ ಆಗಸ್ಟ್ 26ರಂದು ಮದುರೈ ಸ್ಟೇಷನ್ನಿನ ಬಳಿ ನಿಂತಿದ್ದ ಪ್ರವಾಸಿಗರ ರೈಲ್ವೆ ಕೋಚಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ನಿಯಮ ಮೀರಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರ್ ಅದಕ್ಕೆ ಕಾರಣ ಆಗಿತ್ತು. ರೈಲು ಬೇರೆ, ವ್ಯಾನು ಬೇರೆ, ನಿಜ. ಆದರೆ ಉದ್ದನೆಯ ಕಿರಿದಾದ ಡಬ್ಬಿ, ತುಂಬಾ ಬಟ್ಟೆ, ಫೋಮು, ಹೊರಗೆ ಹೋಗಲು ಒಂದೋ ಎರಡೋ ಬಾಗಿಲು ಅನ್ನುವುದು ಎರಡಕ್ಕೂ ಒಂದೇ.

ಸೋರಿಕೆಗಿಂತ ಸದ್ದಿಲ್ಲದ ಅಪಾಯ ಇನ್ನೊಂದಿದೆ. ಮುಚ್ಚಿದ ಜಾಗದಲ್ಲಿ ಉರಿ ಉರಿಯುತ್ತಾ ಹೋದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ. ಚಳಿಗೆ ಒಲೆ ಹಚ್ಚಿಟ್ಟು ಮಲಗಿದವರು ಏಳದೆ ಹೋಗುವುದು ಇದರಿಂದಲೇ. ವ್ಯಾನಿನಲ್ಲಿ ಒಲೆ ಅಡುಗೆಗೆ ಮಾತ್ರ, ಮೈ ಕಾಯಿಸಲು ಎಂದೂ ಅಲ್ಲ.

ಮೂರನೆಯದು ಅಪಾಯ ಅಲ್ಲ, ಕಿರಿಕಿರಿ. ಒಂದು ಕೆಜಿ ಗ್ಯಾಸ್ ಉರಿದರೆ 1.6 ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಅನ್ನ ಬೇಯುವಾಗಿನ ಹಬೆ ಬೇರೆ. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಅಡುಗೆ ಮಾಡಿ ನೋಡಿ. ಬೆಳಗ್ಗೆ ಕಿಟಕಿ ಗಾಜಿನಿಂದ ನೀರು ಇಳಿಯುತ್ತಿರುತ್ತದೆ, ಎರಡು ವಾರದಲ್ಲಿ ಹಾಸಿಗೆಯ ಕೆಳಗೆ ಬೂಷ್ಟು.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಗ್ಯಾಸಿನ ಮೇಲೆ ಸಿಟ್ಟಿಲ್ಲ. ನನ್ನ ತಕರಾರು ಗೋಡೆಯೊಳಗೆ ಪೈಪ್ ಎಳೆದು ಒಲೆಯನ್ನು ಖಾಯಂ ಕೂರಿಸುವುದರ ಬಗ್ಗೆ. ನಮ್ಮ ರಸ್ತೆಗಳ ಹಂಪು, ಗುಂಡಿಗಳಲ್ಲಿ ಪ್ರತಿ ಜಾಯಿಂಟೂ ದಿನವಿಡೀ ಅಲುಗುತ್ತದೆ. ಹಲಗೆಯ ಹಿಂದಿನ ಜಾಯಿಂಟು ಸಡಿಲವಾದರೆ ನಿಮಗೆ ಗೊತ್ತಾಗುವುದು ವಾಸನೆ ಬಂದ ಮೇಲೆ. ಗ್ಯಾಸ್ ಇಡುವುದಾದರೆ ಬಿಡಿಯಾಗಿ ಇಡಿ: ಐದು ಕೆಜಿ ಸಿಲಿಂಡರ್, ಎರಡಡಿ ಮೂರಡಿ ಪೈಪು, ಕೈಯಲ್ಲಿ ಎತ್ತುವ ಒಲೆ. ಹಿಂದಿನ ಬಾಗಿಲು ತೆಗೆದು ಹೊರಗಿಟ್ಟು ಅಡುಗೆ. ಮುಗಿದ ಮೇಲೆ ವಾಲ್ವ್ ಬಂದ್ ಮಾಡಿ, ರೆಗ್ಯುಲೇಟರ್ ಬಿಚ್ಚಿ, ಕ್ಯಾಪ್ ಹಾಕಿ ಅದರ ಪೆಟ್ಟಿಗೆಗೆ.

ಆ ಪೆಟ್ಟಿಗೆ ಒಳಗಿನ ಗಾಳಿಗೆ ಪೂರ್ತಿ ಮುಚ್ಚಿರಬೇಕು, ತಳದಲ್ಲಿ ರಸ್ತೆಗೆ ತೆರೆಯುವ ತೂತು ಇರಬೇಕು. ಸೋರಿದ್ದು ಕೆಳಗೆ ಬಿದ್ದು ಹೋಗಲಿ. ವ್ಯಾನಿನ ಒಳಗಿನ ಕೆಲಸ ಮಾಡಿಕೊಡುವ ಫ್ಯಾಬ್ರಿಕೇಟರ್ ‘ಧೂಳು ಬರುತ್ತೆ ಸಾರ್’ ಅಂತ ಆ ತೂತನ್ನು ಮುಚ್ಚಲು ನೋಡುತ್ತಾನೆ. ಬಿಡಬೇಡಿ. ಪೈಪು ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಆಗಲಿ. ಅದರ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ, ಐದು ವರ್ಷಕ್ಕೆ ಬದಲಿಸಿ. ಹೊಸದಾಗಿ ಜೋಡಿಸಿದಾಗಲೆಲ್ಲ ಸೋಪಿನ ನೊರೆಯನ್ನು ಜಾಯಿಂಟಿಗೆ ಬಳಿದು ನೋಡಿ. ಸೋರಿಕೆ ಇದ್ದರೆ ಸಾಸಿವೆಯಷ್ಟು ಗುಳ್ಳೆ ಎದ್ದು, ಒಡೆದು, ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಬೆಂಕಿಕಡ್ಡಿ ಹಿಡಿದು ನೋಡುವ ಮಹಾನುಭಾವರು ಈಗಲೂ ಇದ್ದಾರೆ, ಅವರಿಂದ ದೂರ ಇರಿ. ಸೋರಿಕೆಗೆ ಸಹಾಯವಾಣಿ 1906.

ಗ್ಯಾಸ್ ಅಲಾರಂ ನೆಲದ ಹತ್ತಿರ ಇರಬೇಕು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗಿದಾಗ ತಲೆ ಬರುವ ಎತ್ತರದಲ್ಲಿ. ಎರಡನ್ನೂ ಒಂದೇ ಕಡೆ ಹೊಡೆದರೆ ಒಂದು ಸುಮ್ನೆ ಅಲಂಕಾರಕ್ಕೆ.

ಕರೆಂಟಿನ ಒಲೆ, ಅದರ ದಪ್ಪ ವೈರು

ಇಂಡಕ್ಷನ್ ವ್ಯಾನಿಗೆ ಹೇಳಿ ಮಾಡಿಸಿದ ಹಾಗಿದೆ. ಉರಿ ಇಲ್ಲ, ಹೊಗೆ ಇಲ್ಲ, ಪಾತ್ರೆ ತೆಗೆದ ಕೂಡಲೇ ಬಿಸಿ ನಿಲ್ಲುತ್ತದೆ. ಒಳಗೆ ಬಾಗಿಲು ಹಾಕಿಕೊಂಡು, ಮಳೆ ಸುರಿಯುತ್ತಿದ್ದರೂ ಕಾಫಿ ಮಾಡಬಹುದು. ಹೈವೇ ಪಕ್ಕದ ಬಂಕಿನಲ್ಲಿ ಟ್ರಕ್ಕುಗಳ ನಡುವೆ ನಿಲ್ಲಿಸಿಕೊಂಡಾಗಲೂ ಸಂಕೋಚವಿಲ್ಲ. ಬಂಕಿನಲ್ಲಿ ಗ್ಯಾಸ್ ಒಲೆ ಹಚ್ಚುವಂತೆಯೇ ಇಲ್ಲ.

ಕಷ್ಟ ಇರುವುದು ವೈರಿನಲ್ಲಿ. ಮನೆಯಲ್ಲಿ 1800 ವ್ಯಾಟಿನ ಇಂಡಕ್ಷನ್ ಎಳೆಯುವುದು ಎಂಟು ಆಂಪ್. ಅದೇ ಒಲೆಯನ್ನು ಇನ್ವರ್ಟರಿನ ಮೂಲಕ 12 ವೋಲ್ಟಿನ ಬ್ಯಾಟರಿಗೆ ಹಚ್ಚಿದರೆ ಬ್ಯಾಟರಿಯಿಂದ ಹರಿಯುವುದು ಸುಮಾರು 155 ಆಂಪ್. ಮನೆಯ ಗೀಸರಿಗೆ 4 ಚದರ ಮಿಲಿಮೀಟರಿನ ವೈರು ಸಾಕಾಗುತ್ತದೆ. ಇಲ್ಲಿ ಬ್ಯಾಟರಿಯಿಂದ ಇನ್ವರ್ಟರಿಗೆ 50 ಚದರ ಮಿಲಿಮೀಟರ್ ಬೇಕು, ಅದೂ ಮೀಟರು ಒಂದೂವರೆ ಮೀಟರಿಗಿಂತ ಉದ್ದ ಆಗದಂತೆ. ಹೆಬ್ಬೆರಳಿನ ದಪ್ಪದ ಈ ಕೇಬಲ್ಲಿನ ತುದಿಗೆ ಲಗ್ (ಬೋಲ್ಟಿಗೆ ಕೂರಿಸುವ ಲೋಹದ ಬಳೆ) ಹಾಕುವುದು ಸುತ್ತಿಗೆಯಿಂದ ಬಡಿದು ಮಾಡುವ ಕೆಲಸ ಅಲ್ಲ, ಅದನ್ನು ಅದುಮಿ ಕೂರಿಸುವ ಹೈಡ್ರಾಲಿಕ್ ಕ್ರಿಂಪರ್ ಬೇಕು. ಸಡಿಲ ಲಗ್ಗಿನ ಮೇಲೆ 155 ಆಂಪ್ ಹರಿದರೆ ಹತ್ತು ನಿಮಿಷದಲ್ಲಿ ಅದರ ಪ್ಲಾಸ್ಟಿಕ್ ತೋಳು ಮೆತ್ತಗಾಗಿ ವಾಸನೆ ಹೊಡೆಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಸರಿಯಾದ ಫ್ಯೂಸ್ ಇರಲೇಬೇಕು. ಕರೆಂಟಿನಿಂದಲೂ ಗಾಡಿ ಸುಡುತ್ತದೆ. ‘ಗ್ಯಾಸ್ ಇಲ್ಲ, ಹಾಗಾಗಿ ಸೇಫು’ ಅನ್ನುವ ಮಾತು ಅರ್ಧ ಮಾತ್ರ ಸರಿ.

ಇನ್ನೊಂದು ಕಡೆ ತುಂಬಾ ಜನ ಎಡವುತ್ತಾರೆ. 100 ಆಂಪ್-ಅವರಿನ ಲಿಥಿಯಂ ಬ್ಯಾಟರಿಗಳ ಒಳಗೆ ಕಾವಲಿಗೆ ಬಿಎಂಎಸ್ ಅನ್ನುವ ಸರ್ಕ್ಯೂಟ್ ಇರುತ್ತದೆ. ಸಾಮಾನ್ಯವಾಗಿ ಅದು 100 ಆಂಪಿಗಿಂತ ಜಾಸ್ತಿ ಎಳೆಯಲು ಬಿಡುವುದಿಲ್ಲ. ಒಲೆಯನ್ನು 1800ಕ್ಕೆ ಇಟ್ಟ ತಕ್ಷಣ ಲೈಟು, ಫ್ಯಾನು ಎಲ್ಲ ಆಫ್. ಬ್ಯಾಟರಿ ಹಾಳಾಗಿಲ್ಲ, ಕಾವಲುಗಾರ ಬಾಗಿಲು ಹಾಕಿದ್ದಾನೆ ಅಷ್ಟೇ. ಪರಿಹಾರ ಎರಡು. 200 ಆಂಪ್-ಅವರ್ ಹಾಕಿ, ಎಳೆಯುವ ಮಿತಿ ಎಷ್ಟು ಅಂತ ಕೇಳಿಯೇ ಕೊಳ್ಳಿ. ಇಲ್ಲವಾದರೆ ಒಲೆಯನ್ನು 1000 ವ್ಯಾಟಿಗೆ ಇಟ್ಟು ಅಡುಗೆ ಮಾಡಿ. 1000 ವ್ಯಾಟಿನಲ್ಲಿ ಒಂದು ಲೀಟರ್ ನೀರು ಆರು ನಿಮಿಷದ ಆಸುಪಾಸಿನಲ್ಲಿ ಕುದಿಯುತ್ತದೆ. ರಜೆಗೆ ಬಂದವರಿಗೆ ಇದು ಸಾಕಲ್ವಾ? ಆದರೆ ಅಗ್ಗದ ಇಂಡಕ್ಷನ್‌ಗಳು ಕಡಿಮೆ ವ್ಯಾಟಿನಲ್ಲಿ ನಿಧಾನವಾಗಿ ಕಾಯುವುದಿಲ್ಲ. ಪೂರ್ತಿ ಜೋರಾಗಿ ಎಳೆದು, ನಿಂತು, ಮತ್ತೆ ಎಳೆಯುತ್ತವೆ. ವ್ಯಾನಿಗೆ ಹಾಕುವ ಮೊದಲು ಮನೆಯಲ್ಲಿ ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿ ನೋಡಿ, ಮುಳ್ಳು ಕುಣಿಯುತ್ತಿದ್ದರೆ ಆ ಒಲೆ ನಿಮಗಲ್ಲ.

ಮನೆಯ ಇನ್ವರ್ಟರಿನ ಮೇಲೆ ಬರೆದಿರುವುದು ವಿಎ, ವ್ಯಾಟ್ ಅಲ್ಲ. ಮನೆಗೆ ಹಾಕುವ 1100 ವಿಎ ಇನ್ವರ್ಟರು ಕೊಡುವುದು 800 ವ್ಯಾಟ್ ಹತ್ತಿರ, ಇಂಡಕ್ಷನ್ನಿಗೆ ಅದು ಸಾಲದು. ಪ್ಯೂರ್ ಸೈನ್‌ವೇವ್ (ಮನೆಯ ಕರೆಂಟಿನಂತೆಯೇ ನಯವಾಗಿ ಕೊಡುವಂಥದ್ದು), 2000 ವ್ಯಾಟ್ ನಿರಂತರ ಅಂತ ಬರೆದದ್ದು ಬೇಕು. ಮನೆಯ ಹಳೆಯ ಟ್ಯೂಬುಲರ್ ಬ್ಯಾಟರಿ ಇದೆ, ಅದನ್ನೇ ಹಾಕುತ್ತೇನೆ ಅನ್ನುವವರಿಗೆ: 150 ಆಂಪ್-ಅವರಿನದ್ದು 50 ಕೆಜಿಗೂ ಜಾಸ್ತಿ ಭಾರ, ಅದರಲ್ಲಿ ಅರ್ಧ ಮಾತ್ರ ಬಳಸಬಹುದು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಂಚದ ಕೆಳಗೆ ಅದಕ್ಕೆ ಜಾಗವಿಲ್ಲ.

ತುಂಬಿಸುವುದು ಎಲ್ಲಿಂದ

ನನ್ನ ಮಟ್ಟಿಗೆ ತೀರ್ಮಾನ ಆಗುವುದು ಇಲ್ಲಿ. ಯಾವ ಒಲೆ ಇಷ್ಟ ಅನ್ನುವುದು ಆಮೇಲೆ. ಗಾಡಿ ಒಂದೇ ಕಡೆ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಮೊದಲು.

ಟಾಪಿನ ಮೇಲೆ 400 ವ್ಯಾಟಿನ ಪ್ಯಾನೆಲ್ಲು ಹಾಕಿದರೆ ಒಳ್ಳೆ ಬಿಸಿಲಿನ ದಿನ 1.6 ಯೂನಿಟ್ ನಿರೀಕ್ಷಿಸಬಹುದು. ಹಂಪಿ, ಬಾದಾಮಿ ಕಡೆ ಫೆಬ್ರವರಿಯಲ್ಲಿ ಇದು ಸಿಗುತ್ತದೆ. ಆದರೆ ಅದೇ ಬಿಸಿಲಿಗೆ ಹೆದರಿ ನಾವು ಗಾಡಿಯನ್ನು ಮರದ ಕೆಳಗೆ ನಿಲ್ಲಿಸುತ್ತೇವೆ. ಪ್ಯಾನೆಲ್ಲಿನ ಮೂಲೆಗೆ ಒಂದು ಕೊಂಬೆಯ ನೆರಳು ಬಿದ್ದರೂ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಂತೂ 0.3, 0.4 ಬಂದರೆ ಪುಣ್ಯ. ಆಗುಂಬೆಯ ಮಳೆಯಲ್ಲಿ ಸೋಲಾರ್ ನಂಬಿ ಅನ್ನಕ್ಕಿಡಬೇಡಿ.

ಓಡುವ ಎಂಜಿನ್ ಹೆಚ್ಚು ನಂಬಿಕಸ್ಥ. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನಿಂದ, ಅದನ್ನು ಲಿಥಿಯಂ ಬ್ಯಾಟರಿಗೆ ಹೊಂದುವ ವೋಲ್ಟೇಜಿಗೆ ತರುವ ಡಿಸಿ-ಡಿಸಿ ಚಾರ್ಜರ್ ಮೂಲಕ 30 ಆಂಪ್ ಎಳೆದರೆ ಗಂಟೆಗೆ 0.4 ಯೂನಿಟ್ ಸೇರುತ್ತದೆ. ಬೆಂಗಳೂರಿನಿಂದ ಸಕಲೇಶಪುರ ಮುಟ್ಟುವಷ್ಟರಲ್ಲಿ 1.8 ಯೂನಿಟ್, ಅಂದರೆ ಒಂದು ದಿನದ ಅಡುಗೆ ಮತ್ತು ಸ್ನಾನ. ಗೋಕರ್ಣಕ್ಕೆ ಹೋದರೆ 200 ಆಂಪ್-ಅವರಿನ ಬ್ಯಾಟರಿ ತುಂಬಿ ಮಿಕ್ಕುತ್ತದೆ. ದಿನವೂ ಊರು ಬದಲಿಸುವವರಿಗೆ ಸಿಲಿಂಡರ್ ಯಾಕೆ ಬೇಕು ಹೇಳಿ? ಎರಡು ಎಚ್ಚರಿಕೆ ಮಾತ್ರ. ಬಿಎಸ್-6 ಗಾಡಿಗಳ ಆಲ್ಟರ್ನೇಟರ್ ವೋಲ್ಟೇಜನ್ನು ಏರಿಳಿಸುತ್ತಿರುತ್ತದೆ. ಚಾರ್ಜರ್ ಬಿಟ್ಟು ಬರೀ ರಿಲೇ (ತಾನಾಗಿ ಆನ್ ಆಗುವ ಸ್ವಿಚ್ಚು) ಹಾಕಿ ಗಾಡಿಯ ಬ್ಯಾಟರಿಗೆ ಇದನ್ನು ಜೋಡಿಸಿದರೆ ಲಿಥಿಯಂ ಸರಿಯಾಗಿ ತುಂಬುವುದಿಲ್ಲ. ಈಕೋದಂಥ ಸಣ್ಣ ಗಾಡಿಯಲ್ಲಿ 20 ಆಂಪಿಗೆ ನಿಲ್ಲಿಸಿ, ಅದರ ಆಲ್ಟರ್ನೇಟರ್ ಸಣ್ಣದು.

ಮೂರನೆಯದು ಹೋಂಸ್ಟೇ ಪ್ಲಗ್ಗು. ತೋಟದ ಮನೆಯವರು ಹಿತ್ತಲಿನಲ್ಲಿ ಗಾಡಿ ನಿಲ್ಲಿಸಲು ಬಿಟ್ಟರೆ ಜಗುಲಿಯಿಂದ ಒಂದು ವೈರು ಕೊಡುತ್ತಾರೆ. ಅದು ಆರು ಆಂಪಿನ ಸಾಕೆಟ್ಟು, ಸಂಜೆ ವೋಲ್ಟೇಜು ಇಳಿದಿರುತ್ತದೆ. ಅದಕ್ಕೆ ನೇರವಾಗಿ ಇಂಡಕ್ಷನ್ ಸಿಕ್ಕಿಸಿದರೆ ಅವರ ಮನೆಯ ಫ್ಯೂಸು ಹೋಗಬಹುದು. 40 ಆಂಪಿನ ಬ್ಯಾಟರಿ ಚಾರ್ಜರ್ ಎಳೆಯುವುದು 600 ವ್ಯಾಟ್ ಚಿಲ್ಲರೆ. ರಾತ್ರಿ ಮಲಗುವಾಗ ಹಚ್ಚಿದರೆ ಬೆಳಗಾಗುವಷ್ಟರಲ್ಲಿ 200 ಆಂಪ್-ಅವರ್ ಭರ್ತಿ, ಮನೆಯವರಿಗೂ ತೊಂದರೆ ಇಲ್ಲ. ಎರಡು ಮೂರು ಯೂನಿಟ್ಟಿಗೆ ದುಡ್ಡು ಕೇಳುವವರು ಕಡಿಮೆ, ಆದರೂ ಕೊಟ್ಟುಬಿಡಿ.

ಮಳೆಗಾಲದ ಒಂದು ತಮಾಷೆ ನೋಡಿ. ಬಿಸಿಲಿಲ್ಲದೆ ಸೋಲಾರ್ ಮಲಗುತ್ತದೆ, ಮಳೆಗೆ ಹೊರಗಿನ ಗ್ಯಾಸ್ ಒಲೆಯೂ ಹಚ್ಚಲಾಗುವುದಿಲ್ಲ. ಗ್ಯಾಸಿನವರು ಒಲೆಯನ್ನು ಒಳಗೆ ತರುತ್ತಾರೆ, ಆಗಲೇ ಮೇಲೆ ಹೇಳಿದ ಎಲ್ಲ ಅಪಾಯ ಶುರು. ಟಾಪಿನಿಂದ ಹಿಂಬದಿಗೆ ಎಳೆದುಕೊಳ್ಳುವ ಒಂದು ಟಾರ್ಪಾಲಿನ ಚಪ್ಪರಕ್ಕೆ ಮೊದಲೇ ಕೊಕ್ಕೆ ಹಾಕಿಸಿಕೊಳ್ಳಿ.

ತಿನ್ನುವುದೇನು

ಈ ಪ್ರಶ್ನೆಯನ್ನು ಎಂಜಿನಿಯರುಗಳು ಕೇಳುವುದಿಲ್ಲ, ಅಡುಗೆ ಮಾಡುವವರು ಮೊದಲು ಕೇಳುತ್ತಾರೆ. ಅನ್ನ, ಸಾರು, ಉಪ್ಪಿಟ್ಟು, ಮ್ಯಾಗಿ, ಮೊಟ್ಟೆ ಇಂಡಕ್ಷನ್ನಿಗೆ ಸಲೀಸು. ಬೀಡಿನ ಕಾವಲಿ ಇದ್ದರೆ ದೋಸೆಯೂ ಏಳುತ್ತದೆ, ನಡುವೆ ಬೇಗ ಕಾದು ಅಂಚು ತಡ ಆಗುತ್ತದೆ ಅಷ್ಟೇ. ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಅಂದರೆ ಪಾತ್ರೆ ಸೆಟ್ಟೂ ಹೊಸದು. ಯಾವ ಪಾತ್ರೆಯಾದರೂ ನಡೆಯುತ್ತದೆ ಅಂತ ಇನ್‌ಫ್ರಾರೆಡ್ ಒಲೆ ಮಾರುತ್ತಾರೆ, ಅದು ಇಂಡಕ್ಷನ್ನಿಗಿಂತ ಜಾಸ್ತಿ ಕರೆಂಟ್ ತಿನ್ನುತ್ತದೆ.

ಜೋಳದ ರೊಟ್ಟಿಗೆ ಮಾತ್ರ ಉರಿಯೇ ಬೇಕು. ಹಂಚಿನ ಮೇಲೆ ನೀರು ಸವರಿ, ಮಗುಚಿ, ಕೊನೆಗೆ ಉರಿಗೆ ಹಿಡಿದಾಗ ಅದು ಉಬ್ಬುವ ಪರಿಯನ್ನು ಗಾಜಿನ ಒಲೆ ಕೊಡಲಾರದು. ಬದನೆಕಾಯಿ ಸುಡುವುದೂ ಹಾಗೆಯೇ. ಬಿಜಾಪುರದ ಕಡೆಯವರು ಒಬ್ಬರು ಜೊತೆಗಿದ್ದರೆ ಸುಮ್ನೆ ವಾದ ಮಾಡದೆ ಒಂದು ಸಣ್ಣ ಗ್ಯಾಸ್ ಒಲೆ ಹಾಕಿಕೊಳ್ಳಿ.

ಸ್ನಾನಕ್ಕೆ ಗ್ಯಾಸ್ ಗೀಸರ್ ಬೇಡವೇ ಬೇಡ. ಬೆಂಗಳೂರಿನ ಬಚ್ಚಲುಮನೆಗಳಲ್ಲೇ ಅದರಿಂದ ಜೀವ ಹೋದ ಸುದ್ದಿ ಪೇಪರಿನಲ್ಲಿ ಓದುತ್ತಿರುತ್ತೇವೆ, ವ್ಯಾನಿನ ಬಚ್ಚಲು ಅದರ ಕಾಲು ಭಾಗವೂ ಇಲ್ಲ. ಕುದಿಯುವ ಮೂರು ಲೀಟರಿಗೆ ತಣ್ಣೀರು ಏಳು ಲೀಟರ್ ಬೆರೆಸಿದರೆ ಒಬ್ಬರ ಸ್ನಾನ ಆಯಿತು.

ಎಸಿ ಬೇಕು ಅನ್ನುವವರಿಗೆ ಒಂದೇ ಮಾತು. ರಾತ್ರಿ ಎಂಟು ಗಂಟೆ ಓಡಿದರೆ ಸಣ್ಣ ಇನ್ವರ್ಟರ್ ಎಸಿಯೂ ನಾಲ್ಕೈದು ಯೂನಿಟ್ ಕುಡಿಯುತ್ತದೆ. ಅದಕ್ಕೆ ಬೇಕಾದ ಬ್ಯಾಟರಿ ಹಾಕಿದ ಮೇಲೆ ಇಂಡಕ್ಷನ್ನಿನ ಖರ್ಚು ಲೆಕ್ಕಕ್ಕೇ ಇಲ್ಲ, ಗ್ಯಾಸಿನ ಪ್ರಶ್ನೆ ತಾನಾಗಿಯೇ ಮುಗಿಯುತ್ತದೆ.

ತುಂಬಾ ಚಳಿ, ತುಂಬಾ ಬಿಸಿಲು

ಲಡಾಖ್, ಸ್ಪಿತಿ ಕನಸು ಇದ್ದರೆ ಎರಡೂ ಕೈಕೊಡುವ ಜಾಗ ಅದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಕೆಡುತ್ತದೆ. ಗ್ಯಾಸಿನಲ್ಲಿರುವ ಬ್ಯೂಟೇನ್ ಕೂಡ ಅದೇ ಸೊನ್ನೆಯ ಹತ್ತಿರ ಆವಿಯಾಗುವುದನ್ನು ನಿಲ್ಲಿಸುತ್ತದೆ, ಸಿಲಿಂಡರಿನಲ್ಲಿ ಇದ್ದರೂ ಉರಿ ಸಣ್ಣಗಾಗುತ್ತದೆ. ಬ್ಯಾಟರಿಯನ್ನಾದರೂ ವ್ಯಾನಿನೊಳಗೆ, ನಮ್ಮ ಜೊತೆ ಬೆಚ್ಚಗೆ ಇಟ್ಟುಕೊಳ್ಳಬಹುದು. ಸಿಲಿಂಡರನ್ನು ಹಾಗೆ ಒಳಗೆ ತರುವಂತಿಲ್ಲ. ಮೈ ಬೆಚ್ಚಗಿಡಲು ಎರಡೂ ಬೇಡ, ಹೊಗೆಯನ್ನು ಹೊರಗೆ ಬಿಡುವ ಡೀಸೆಲ್ ಹೀಟರ್ ಇದೆ, ಗಾಡಿಯ ಟ್ಯಾಂಕಿನಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತದೆ.

ನಮ್ಮಲ್ಲಿ ಚಳಿಗಿಂತ ಬಿಸಿಲೇ ತೊಂದರೆ. ತುಂಬಾ ಲಿಥಿಯಂ ಬ್ಯಾಟರಿಗಳು 45 ಡಿಗ್ರಿ ದಾಟಿದರೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗೇ 42 ಇರುವಾಗ ಮುಚ್ಚಿದ ಗಾಡಿಯ ಒಳಗೆ ಎಷ್ಟಿರಬಹುದು ಯೋಚಿಸಿ. ಬ್ಯಾಟರಿ ಪೆಟ್ಟಿಗೆಗೆ ಒಂದು ಸಣ್ಣ ಫ್ಯಾನು ಹಾಕಿಸಿ. ಸಿಲಿಂಡರನ್ನೂ ಬಿಸಿಲಿನಲ್ಲಿ ಮುಚ್ಚಿದ ಗಾಡಿಯಲ್ಲಿ ಬಿಟ್ಟು ಹೋಗಬಾರದು.

ಹಾಗಾದರೆ ಯಾವುದು

ಶನಿವಾರ ಹೊರಟು ಭಾನುವಾರ ವಾಪಸ್ ಬರುವವರು, ದಿನವೂ ನೂರಾರು ಕಿಲೋಮೀಟರ್ ಓಡುವವರು, ಮಕ್ಕಳಿರುವವರು ಪೂರ್ತಿ ಕರೆಂಟಿಗೆ ಹೋಗಿ. 200 ಆಂಪ್-ಅವರ್, 2000 ವ್ಯಾಟ್ ಇನ್ವರ್ಟರ್, 30 ಆಂಪ್ ಡಿಸಿ-ಡಿಸಿ ಸಾಕು. ಸೋಲಾರ್ ಆಮೇಲೆ ಸೇರಿಸಬಹುದು.

ಕಡಿಮೆ ದುಡ್ಡಿನಲ್ಲಿ ಈಕೋ, ಓಮ್ನಿ ಮಾಡಿಕೊಳ್ಳುವವರಿಗೆ ಗ್ಯಾಸೇ ಸರಿ. ಆ ಗಾಡಿಯಲ್ಲಿ ಒಳಗೆ ಅಡುಗೆ ಮಾಡಲು ಜಾಗವೂ ಇಲ್ಲ, ಹಿಂದಿನ ಬಾಗಿಲೇ ಸೂರು. ಒಂದೇ ಕಡೆ ವಾರಗಟ್ಟಲೆ ಪ್ಲಗ್ಗಿಲ್ಲದೆ ಕೂರುವವರಿಗೂ ಅದೇ.

ಟ್ರಾವೆಲರ್ ಗಾತ್ರದ ಗಾಡಿಗೆ ನಾನು ಹೇಳುವುದು ಎರಡನ್ನೂ, ಆದರೆ ಸಮವಾಗಿ ಅಲ್ಲ. ಒಳಗೆ ಇಂಡಕ್ಷನ್, ಹೊರಗೆ ಬಿಡಿ ಗ್ಯಾಸ್ ಒಲೆ. ಕಾಫಿ, ಬೆಳಗಿನ ತಿಂಡಿ ಒಳಗೆ. ಹೊತ್ತು ಹಿಡಿಯುವ ಅಡುಗೆ ಹೊರಗೆ. ಬ್ಯಾಟರಿ ಒಂದೇ ಸಾಕಾಗುತ್ತದೆ, ಸಿಲಿಂಡರ್ ತಿಂಗಳುಗಟ್ಟಲೆ ಬರುತ್ತದೆ.

ಕಾಡಿನ ವಿಷಯಕ್ಕೆ ಬಂದರೆ ಒಲೆ ಯಾವುದೇ ಇರಲಿ, ಬಂಡೀಪುರದಂಥ ಕಡೆ ರಸ್ತೆ ಪಕ್ಕ ಗಾಡಿ ನಿಲ್ಲಿಸುವಂತಿಲ್ಲ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಓಡಾಟವೇ ಬಂದ್. ಹಿಂದಿನ ಊರಿನಲ್ಲೇ ಉಂಡು ಹೊರಡಿ.

ಇನ್ನು ಆರ್‌ಟಿಒ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೂ ಗಾಡಿಗೂ ತಾಳೆ ಆಗದಂಥ ಮಾರ್ಪಾಡು ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿದೆ. ಸೀಟು ಕಿತ್ತು, ಟಾಪು ಕೊಯ್ದು, ಗ್ಯಾಸ್ ಪೈಪು ಎಳೆಯುವ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸ್ ಕಂಪನಿ ಎರಡು ಕಡೆಯೂ ಬರಹದಲ್ಲಿ ಕೇಳಿ. ಬಿಡಿ ಒಲೆ, ಬಿಚ್ಚಿ ತೆಗೆಯಬಹುದಾದ ಬ್ಯಾಟರಿ ಪೆಟ್ಟಿಗೆಯ ಕಡೆಗೆ ನನ್ನ ಒಲವು ಇರುವುದಕ್ಕೆ ಇದೂ ಒಂದು ಕಾರಣ.

ಫ್ಯಾಬ್ರಿಕೇಟರ್ ಹತ್ತಿರ ಹೋದಾಗ ಬಣ್ಣ, ಲ್ಯಾಮಿನೇಟ್ ತೋರಿಸುವ ಮೊದಲು ಅವನಿಂದ ಮೂರು ಉತ್ತರ ತೆಗೆದುಕೊಳ್ಳಿ: ಬ್ಯಾಟರಿಯ ಮುಖ್ಯ ಫ್ಯೂಸು ಎಷ್ಟು ಆಂಪಿನದು, ಎಲ್ಲಿ ಇರುತ್ತದೆ? ಸಿಲಿಂಡರ್ ಪೆಟ್ಟಿಗೆಯ ತಳದ ತೂತು ಎಲ್ಲಿ ತೆರೆಯುತ್ತದೆ? ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ ತೂಗುಹಾಕುತ್ತೀರಿ? ಕೊನೆಯದಕ್ಕೆ ‘ಒಲೆ ಪಕ್ಕ’ ಅಂದರೆ ಬೇಡ ಅನ್ನಿ. ಅದು ಬಾಗಿಲ ಪಕ್ಕ, ಹೊರಗೆ ನಿಂತು ಕೈ ಚಾಚಿದರೆ ಸಿಗುವ ಹಾಗೆ ಇರಬೇಕು.